ಕಡಲೆಕಾಳಷ್ಟು ಬಣ್ಣ ಹೋದರೆ ಇಡೀ ಬಾನೆಟ್ ಬಳಿಸಬೇಡಿ

2001ರ ಫೆಬ್ರವರಿ 28ರಂದು ಗಣಿ ಮುಚ್ಚಿದ ಮೇಲೆ ಕೆಜಿಎಫ್‌ನ ಬಹಳಷ್ಟು ಮನೆಗಳಿಗೆ ದುಡಿಮೆ ಎಂದರೆ ಬೆಂಗಳೂರು. ಹೆಚ್ಚಿನವರು ರೈಲು ಹತ್ತುತ್ತಾರೆ. ಕೆಲವರು ಸೆಕೆಂಡ್ ಹ್ಯಾಂಡ್ ಕಾರು ಕೊಂಡು ಬಾಡಿಗೆ ಓಡಿಸುತ್ತಾರೆ. ಅಂಥವರಿಗೆ ಕಾರೇ ಆಸ್ತಿ. ಬಂಗಾರಪೇಟೆ ರಸ್ತೆಯಲ್ಲಿ ಮುಂದಿನ ಟಿಪ್ಪರ್‌ನಿಂದ ಒಂದು ಜಲ್ಲಿ ಹಾರಿ ಬಾನೆಟ್‌ಗೆ ಬಡಿದರೆ ಸಾಕು, ಕಡಲೆಕಾಳಷ್ಟು ಬಣ್ಣ ಎದ್ದುಹೋಗುತ್ತದೆ. ಟಿಂಕರಿಂಗ್ ಶೆಡ್‌ನಲ್ಲಿ ತೋರಿಸಿದರೆ ಸಿಗುವ ಉತ್ತರ ಒಂದೇ: "ಫುಲ್ ಪ್ಯಾನಲ್ ಹೊಡೆಸಿಬಿಡಿ ಸಾರ್."

ಬೇಡ ಎನ್ನುತ್ತೇನೆ. ಕಂಪನಿ ಬಣ್ಣದ ಎಲ್ಲ ಪದರ ಸೇರಿದರೂ ದಪ್ಪ ಸುಮಾರು 100ರಿಂದ 150 ಮೈಕ್ರಾನ್. ಹಳೆ ಕಾರು ಕೊಳ್ಳುವವರು ಈಗ ಮೀಟರ್ ಇಟ್ಟು ಇದನ್ನು ಅಳೆಯುತ್ತಾರೆ. ಒಂದು ಪ್ಯಾನಲ್ ಮಾತ್ರ ದಪ್ಪ ತೋರಿಸಿದರೆ "ಆಕ್ಸಿಡೆಂಟ್ ಗಾಡಿ" ಎಂದು ರೇಟು ಇಳಿಸುತ್ತಾರೆ. ಅಂದರೆ ದುಡ್ಡು ಕೊಟ್ಟು ಕಾರಿನ ಬೆಲೆ ಕಡಿಮೆ ಮಾಡಿಸಿಕೊಂಡಂತೆ. ವಿಮೆಯಲ್ಲಿ ಮಾಡಿಸೋಣವೆಂದರೆ 1500 ಸಿಸಿವರೆಗಿನ ಕಾರಿಗೂ ಮೊದಲ ₹1,000 ಸಾಮಾನ್ಯವಾಗಿ ನಮ್ಮದೇ. ಮೇಲಾಗಿ, 20%ರಿಂದ ಶುರುವಾಗಿ 50%ವರೆಗೆ ಏರುವ ನೋ ಕ್ಲೇಮ್ ಬೋನಸ್ ಕೈತಪ್ಪುತ್ತದೆ.

ಮನೆಯಲ್ಲೇ ಮಾಡುವುದು ಕಷ್ಟವಲ್ಲ. ಮೊದಲು ಕಲರ್ ಕೋಡ್ ಹುಡುಕಿ. ಬಾನೆಟ್ ಒಳಗಿನ ಪ್ಲೇಟ್ ಮೇಲೋ ಡ್ರೈವರ್ ಬಾಗಿಲ ಪಕ್ಕದ ಕಂಬದ ಮೇಲೋ ಇರುತ್ತದೆ. "ಬಿಳಿ ಕೊಡಿ" ಎಂದರೆ ಆಗದು, ಬಿಳಿಯಲ್ಲೇ ಹತ್ತು ಬಗೆ. ಅದೇ ಕೋಡ್‌ನ ಟಚ್‌ಅಪ್ ಬಾಟಲಿ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಜಾಗ ತೊಳೆದು ಒಣಗಿಸಿ. ತುಕ್ಕು ಕಂಡರೆ ವಾಟರ್ ಪೇಪರನ್ನು ಚಿಕ್ಕದಾಗಿ ಮಡಚಿ ಆ ಚುಕ್ಕೆಯನ್ನಷ್ಟೇ ಉಜ್ಜಿ. ತಗಡು ಕಾಣುತ್ತಿದ್ದರೆ ಮೊದಲು ಪ್ರೈಮರ್. ಅದು ಒಣಗಿದ ಮೇಲೆ ಟೂತ್‌ಪಿಕ್ ತುದಿಯಲ್ಲಿ ಬಣ್ಣದ ಹನಿ ಇಡಿ. ಒಂದೇ ಸಲ ತುಂಬಬೇಡಿ. ತೆಳ್ಳಗೆ ಎರಡು ಮೂರು ಸಲ, ನಡುವೆ ಒಣಗಲು ಬಿಟ್ಟು. ಕೊನೆಗೆ ಕ್ಲಿಯರ್ ಕೋಟ್. ಒಂದು ತಿಂಗಳು ಪಾಲಿಶ್ ಬೇಡ.

ಆಂಡರ್ಸನ್‌ಪೇಟೆಯವರಿಗೆ ಇನ್ನೊಂದು ಮಾತು. ಸೈನೈಡ್ ಗುಡ್ಡದ ಧೂಳು ಎದ್ದ ದಿನ ಈ ಕೆಲಸಕ್ಕೆ ಕೂರಬೇಡಿ, ಹಸಿ ಬಣ್ಣಕ್ಕೆ ಅಂಟಿಕೊಳ್ಳುತ್ತದೆ. ಕಾರಿನ ಮೇಲೆ ಕೂತ ಆ ಧೂಳನ್ನು ಒಣ ಬಟ್ಟೆಯಲ್ಲಿ ಒರೆಸಲೂಬೇಡಿ. ಅದು ಅರೆದ ಕಲ್ಲಿನ ಪುಡಿ, ಉಜ್ಜಿದಷ್ಟೂ ಗೀರು. ನೀರು ಸುರಿದು ತೊಳೆಯಿರಿ.

ಹತ್ತಿರ ಬಗ್ಗಿ ನೋಡಿದರೆ ಚುಕ್ಕೆ ಕಾಣುತ್ತದೆ, ನಿಜ. ಆದರೆ ನಮ್ಮ ಉದ್ದೇಶ ಶೋರೂಮ್ ಹೊಳಪಲ್ಲ, ತುಕ್ಕು ತಡೆಯುವುದು. ತಗಡು ನೆಗ್ಗಿದ್ದರೆ, ಬಣ್ಣ ಪದರಪದರವಾಗಿ ಏಳುತ್ತಿದ್ದರೆ ಶೆಡ್‌ಗೇ ಹೋಗಿ. ಅದು ಕೈ ಪಳಗಿದವರ ಕೆಲಸ, ಅವರಿಗೆ ಕೊಡಬೇಕಾದ ಕೂಲಿ ಕೊಡಿ. ಕಡಲೆಕಾಳಷ್ಟು ಗಾಯಕ್ಕೆ ಮಾತ್ರ ಒಂದು ಭಾನುವಾರದ ಬೆಳಗ್ಗೆ ಸಾಕು. ಮಳೆಗಾಲಕ್ಕೆ ಮುಂಚೆ ಮುಗಿಸಿಬಿಡಿ.