ತೇಲುವ ಬ್ರಿಡ್ಜ್‌ಗೆ ಮರದ ತುಂಡು ಯಾಕೆ?

‘ಇದಕ್ಕ ಒಂದು ಮರದ ತುಂಡು ಬಡಿದು ಬಿಡೂಣ್ರಿ, ತಲಿನೋವು ಹೋಗ್ತದ.’ ಗಿಟಾರ್ ರಿಪೇರಿಗೆ ಒಯ್ದಾಗ ಅಂಗಡಿಯವರು ಹೇಳಿದ್ದು ಇಷ್ಟೇ. ತುಂಡಿಗೂ ಕೂಲಿಗೂ ಸೇರಿ 800 ರೂಪಾಯಿ. ಡಿಗ್ರಿ ಮುಗಿಸಿ, ಕೆಲಸ ಹುಡುಕುತ್ತ, ಸಂಜೆ ಹೈಸ್ಕೂಲ್ ಮಕ್ಕಳಿಗೆ ಟ್ಯೂಷನ್ ಹೇಳುವ ನನ್ನ ಜೇಬಿಗೆ ಅದು ಸಣ್ಣ ಮೊತ್ತವಲ್ಲ. ಗಿಟಾರ್ ಹೆಗಲಿಗೇರಿಸಿಕೊಂಡು ವಾಪಸ್ ಬಂದೆ.

ತಪ್ಪು ನನ್ನದೇ. ಸೀನಿಯರ್ ಒಬ್ಬರಿಂದ ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಂಡ ಈ ಎಲೆಕ್ಟ್ರಿಕ್ ಗಿಟಾರ್‌ಗೆ ಫ್ಲಾಯ್ಡ್ ರೋಸ್ ಮಾದರಿಯ ತೇಲುವ ಬ್ರಿಡ್ಜ್ ಇದೆ. ಸೌಂಡ್ ದಪ್ಪ ಬರಲಿ ಎಂದು 9ರ ಸೆಟ್ ತಂತಿ ತೆಗೆದು 10ರ ಸೆಟ್ ಹಾಕಿದೆ. ಅದೂ ಆರೂ ತಂತಿಗಳನ್ನು ಒಟ್ಟಿಗೇ ಬಿಚ್ಚಿ! ಹೊಸ ತಂತಿ ಬಿಗಿಯುತ್ತ ಹೋದಂತೆ ಬ್ರಿಡ್ಜ್ ಬಾಲ ಎತ್ತಿ ನಿಂತಿತು. ಒಂದು ತಂತಿ ಶ್ರುತಿಗೆ ಬಂದರೆ ಉಳಿದ ಐದು ಇಳಿಯುತ್ತವೆ. ಎರಡು ದಿನದಲ್ಲಿ ಕಾಲೇಜು ಫೆಸ್ಟ್‌ನಲ್ಲಿ ಗೆಳೆಯರ ಬ್ಯಾಂಡ್ ಜತೆ ನುಡಿಸಬೇಕಿತ್ತು. ಆಗಲಿಲ್ಲ. ನನ್ನ ಜಾಗದಲ್ಲಿ ಬೇರೊಬ್ಬ ನುಡಿಸಿದ, ಈಗಲೂ ಅವನೇ ನುಡಿಸುತ್ತಿದ್ದಾನೆ.

ಆಮೇಲೆ ಹಠಕ್ಕೆ ಬಿದ್ದು ಹಿಂಬದಿಯ ಪ್ಲಾಸ್ಟಿಕ್ ಮುಚ್ಚಳ ಬಿಚ್ಚಿದೆ. ಒಳಗೆ ಮೂರು ಸ್ಪ್ರಿಂಗ್, ಅವನ್ನು ಹಿಡಿದ ಒಂದು ಕೊಕ್ಕೆಪಟ್ಟಿ, ಅದಕ್ಕೆ ಎರಡು ಉದ್ದ ಸ್ಕ್ರೂ. ನೋಡಿದ ಅಪ್ಪ, ‘ಇದು ನಮ್ಮ ಅಂಗಡಿ ತಕ್ಕಡಿನ ಅಲ್ಲೇನೋ’ ಎಂದು ನಕ್ಕರು. ನಿಜ. ಮುಂದಿನ ತಟ್ಟೆಯಲ್ಲಿ ತಂತಿ, ಹಿಂದಿನ ತಟ್ಟೆಯಲ್ಲಿ ಸ್ಪ್ರಿಂಗ್. 9ರ ಸೆಟ್ ಶ್ರುತಿಯಲ್ಲಿದ್ದಾಗ ಒಟ್ಟು ಸುಮಾರು 38 ಕಿಲೋ ಎಳೆತ. 10ರ ಸೆಟ್‌ನದು ಸುಮಾರು 47 ಕಿಲೋ. ಒಂದು ತಟ್ಟೆಗೆ ಒಂಬತ್ತು ಕಿಲೋ ಸುರಿದು ಇನ್ನೊಂದನ್ನು ಹಾಗೇ ಬಿಟ್ಟಿದ್ದೆ. ತೂಕ ನಿಲ್ಲುವುದಾದರೂ ಹೇಗೆ?

ಕೆಲಸ ಕಷ್ಟದ್ದಲ್ಲ, ತಾಳ್ಮೆಯದ್ದು. ಮೊದಲು ನಟ್‌ನ ಲಾಕ್ ಸಡಿಲಿಸಿ, ಫೈನ್ ಟ್ಯೂನರ್‌ಗಳನ್ನು ನಡುಮಟ್ಟಕ್ಕೆ ತನ್ನಿ. ಆರೂ ತಂತಿಗಳನ್ನು ಶ್ರುತಿ ಮಾಡಿ. ಮುಗಿಯುವಷ್ಟರಲ್ಲಿ ಮೊದಲನೆಯದು ಇಳಿದಿರುತ್ತದೆ, ಮತ್ತೆ ಮಾಡಿ. ನಾನು ಐದು ಸುತ್ತು ಮಾಡಿದೆ. ಬ್ರಿಡ್ಜ್ ಬಾಲ ಎತ್ತಿದ್ದರೆ ಹಿಂದಿನ ಸ್ಕ್ರೂಗಳನ್ನು ಕಾಲು ಸುತ್ತು ಬಿಗಿ ಮಾಡಿ, ಒಳಗೆ ಕುಸಿದಿದ್ದರೆ ಕಾಲು ಸುತ್ತು ಸಡಿಲಿಸಿ. ಪ್ರತಿ ಸಲವೂ ಮತ್ತೆ ಶ್ರುತಿ. ಬ್ರಿಡ್ಜ್ ಗಿಟಾರ್ ಮೈಗೆ ಸಮಾನಾಂತರವಾಗಿ ನಿಂತ ಮೇಲೆಯೇ ನಟ್ ಲಾಕ್ ಮಾಡಬೇಕು. ಬ್ರಿಡ್ಜ್ ಕೂತಿರುವ ಎರಡು ಕಂಬಗಳನ್ನು ಮಾತ್ರ ತಂತಿ ಬಿಗಿಯಿದ್ದಾಗ ತಿರುಗಿಸಬೇಡಿ. ಅಂಚು ಸವೆದರೆ ಮತ್ತೆಂದೂ ಶ್ರುತಿಗೆ ನಿಲ್ಲದು.

ನನಗೆ ಇಡೀ ಭಾನುವಾರ ಹಿಡಿಯಿತು. ಹತ್ತು ನಿಮಿಷದಲ್ಲಿ ಆಗುತ್ತದೆ ಎನ್ನುವ ವಿಡಿಯೊಗಳನ್ನು ನಂಬಬೇಡಿ, ಮಾಡುವವನ ಕೈ ಹತ್ತು ವರ್ಷ ಪಳಗಿರುತ್ತದೆ. ಧಾರವಾಡದ ಕಛೇರಿಯಲ್ಲಿ ತಂಬೂರಿ ಶ್ರುತಿ ಮಾಡುವಾಗ ಇಡೀ ಸಭೆ ಸುಮ್ಮನೆ ಕಾಯುತ್ತದೆ. ಗಿಟಾರ್ ಕೈಗೆತ್ತಿಕೊಂಡ ನಮಗೆ ಮಾತ್ರ ಎರಡು ನಿಮಿಷದಲ್ಲೇ ಚಡಪಡಿಕೆ.

ಮರದ ತುಂಡು ಹಾಕುವುದೇ ತಪ್ಪು ಎನ್ನುತ್ತಿಲ್ಲ. ಬ್ರಿಡ್ಜ್‌ನ ಆ ಉದ್ದ ಕಡ್ಡಿಯನ್ನು ಮುಟ್ಟದೇ ನುಡಿಸುವವರಿಗೆ, ಹಾಡಿಗೊಂದು ಶ್ರುತಿ ಬದಲಿಸುವವರಿಗೆ ಅದೇ ಸರಿ. ಆದರೆ ಅಂಥವರಿಗೆ ಈ ಗಿಟಾರೇ ಯಾಕೆ? ಎಡ್ಡಿ ವ್ಯಾನ್ ಹೇಲನ್ ಕಡ್ಡಿ ಒತ್ತಿ ಸ್ವರವನ್ನು ಪಾತಾಳಕ್ಕಿಳಿಸಿ ಮೇಲೆತ್ತುವುದನ್ನು ನೋಡಿ ಮರುಳಾಗಿ ಕೊಳ್ಳುತ್ತೇವೆ, ಆಮೇಲೆ ಅದೇ ಬ್ರಿಡ್ಜ್‌ನ ಕೈಕಾಲು ಕಟ್ಟುತ್ತೇವೆ. (ಅಂದಹಾಗೆ, ಟ್ರೆಮೊಲೊ ಎಂಬ ಹೆಸರೇ ತಪ್ಪು. ಅದು ಶಬ್ದದ ಏರಿಳಿತ. ಈ ಬ್ರಿಡ್ಜ್ ಕುಲುಕುವುದು ಸ್ವರವನ್ನು, ಅಂದರೆ ವೈಬ್ರಾಟೊ. ಲಿಯೊ ಫೆಂಡರ್ 1954ರ ಸ್ಟ್ರಾಟೊಕ್ಯಾಸ್ಟರ್‌ನಲ್ಲಿ ಟ್ರೆಮೊಲೊ ಎಂದೇ ಕರೆದರು, ಜಗತ್ತು ಹಾಗೇ ಕರೆಯುತ್ತಿದೆ.) ಮೊದಲ ಗಿಟಾರ್ ಕೊಳ್ಳುವ ತಮ್ಮ ತಂಗಿಯರೇ, ಬ್ರಿಡ್ಜ್ ಅಲುಗಾಡದ ಹಾರ್ಡ್‌ಟೇಲ್ ಕೇಳಿ ಪಡೆಯಿರಿ. ಈಗಾಗಲೇ ತೇಲುವುದನ್ನು ಕೊಂಡಿದ್ದರೆ, ಅಂಗಡಿಗೆ ಒಯ್ಯುವ ಮೊದಲು ಒಂದು ಭಾನುವಾರ ಅದಕ್ಕೆ ಕೊಡಿ. ಬೇಕಾದದ್ದು ಒಂದು ಸ್ಕ್ರೂಡ್ರೈವರ್, ಅಲೆನ್ ಕೀ, ಮೊಬೈಲ್‌ನ ಟ್ಯೂನರ್.

ಮೊನ್ನೆ ಮೂರನೇ ತಂತಿ ತುಂಡಾಯಿತು. ಎಳೆತ ತಗ್ಗಿ ಬ್ರಿಡ್ಜ್ ಹಿಂದಕ್ಕೆ ಕುಸಿಯಿತು, ಉಳಿದ ಐದೂ ತಂತಿ ಏರುಶ್ರುತಿಗೆ ಹೋದವು. ಈ ಸಲ ಗಾಬರಿಯಾಗಲಿಲ್ಲ. ಅದೇ ದಪ್ಪದ ತಂತಿ ಹಾಕಿ ಶ್ರುತಿಗೆ ತಂದಾಗ ಬ್ರಿಡ್ಜ್ ತಾನಾಗಿಯೇ ಸ್ವಸ್ಥಾನಕ್ಕೆ ಬಂತು. ಬ್ಯಾಂಡ್‌ನ ಹುಡುಗರಿಗೆ ಫೋನ್ ಮಾಡಿ ಹೇಳಿದೆ. ಸದ್ಯಕ್ಕೆ ಜಾಗ ಖಾಲಿ ಇಲ್ಲವಂತೆ. ಆದರೆ ಅವರ ಹೊಸ ಗಿಟಾರಿಸ್ಟ್‌ನದೂ ತೇಲುವ ಬ್ರಿಡ್ಜ್ ಅಂತೆ, ಬಾಲ ಎತ್ತಿ ನಿಂತಿದೆಯಂತೆ. ಭಾನುವಾರ ತೆಗೆದುಕೊಂಡು ಬರಲು ಹೇಳಿದ್ದೇನೆ.