ಸೌಟು ಸೊಸೆಗೆ, ಬೀಗದ ಕೈ ಅತ್ತೆಯ ಸೊಂಟದಲ್ಲಿ!

ನ್ಯೂಯಾರ್ಕಿನ ‘ವೋಗ್’ ಪತ್ರಿಕೆಯ ಕುರ್ಚಿ ಖಾಲಿಯಾಯಿತು ಎಂದು 2025ರ ಜೂನ್ 26ರಂದು ಲೋಕವೆಲ್ಲ ತಮಟೆ ಬಾರಿಸಿತು. 37 ವರ್ಷ ಅಲ್ಲಿ ಕೂತಿದ್ದ ಕಪ್ಪು ಕನ್ನಡಕದ ಆನಾ ವಿಂಟರ್ ಇಳಿದಳಂತೆ! ಮುಂದಿನವರು ಯಾರಂತೆ? ಇಲ್ಲಿನ ಇಂಗ್ಲಿಷ್ ಪೇಪರುಗಳಿಗೂ ಅದೇ ಚಿಂತೆ. ಯಾರದೋ ಮನೆಯ ಮದುವೆಗೆ ಇವರು ಚಪ್ಪರ ಹಾಕಿದರು.

ಇಳಿದಳೇ? ಸ್ವಲ್ಪ ತಡೆಯಿರಿ ಗೆಳೆಯರೇ.

ಆಕೆ ಬಿಟ್ಟುಕೊಟ್ಟದ್ದು ಅಮೆರಿಕದ ಆವೃತ್ತಿಯ ದಿನನಿತ್ಯದ ಪಾರುಪತ್ಯವನ್ನು ಮಾತ್ರ. ಎಲ್ಲ ದೇಶಗಳ ವೋಗ್‌ಗಳ ಮೇಲೆ ಕೂತ ಜಾಗತಿಕ ಸಂಪಾದಕೀಯ ನಿರ್ದೇಶಕಿ ಯಾರು? ಆಕೆಯೇ. ಒಡೆಯ ಕಂಪನಿ ಕಾಂಡೆ ನಾಸ್ಟ್‌ನಲ್ಲಿ ‘ನ್ಯೂಯಾರ್ಕರ್’ ಒಂದನ್ನು ಬಿಟ್ಟು ಉಳಿದೆಲ್ಲ ಪತ್ರಿಕೆಗಳ ಮುಖ್ಯ ಕಂಟೆಂಟ್ ಅಧಿಕಾರಿ ಯಾರು? ಆಕೆಯೇ. ಮೇ ತಿಂಗಳ ಮೆಟ್ ಗಾಲಾಕ್ಕೆ, ಅಂದರೆ 2025ರಲ್ಲಿ ತಲೆಗೆ 75,000 ಡಾಲರ್ ಟಿಕೆಟ್ ಇದ್ದ ಆ ಜಾತ್ರೆಗೆ, ಯಾರನ್ನು ಒಳಗೆ ಬಿಡಬೇಕು ಎನ್ನುವವರು ಯಾರು? ಮತ್ತೆ ಆಕೆಯೇ. ತನ್ನ ಕೋಣೆಯನ್ನೂ ಖಾಲಿ ಮಾಡುವುದಿಲ್ಲ ಎಂದು ಸಿಬ್ಬಂದಿಗೆ ಅವತ್ತೇ ಹೇಳಿಬಿಟ್ಟಳು. ಸೆಪ್ಟೆಂಬರ್ 2ರಂದು ಕ್ಲೋಯಿ ಮಾಲ್ ಎಂಬ 39ರ ಹೆಣ್ಣುಮಗಳಿಗೆ ಪಟ್ಟ ಕಟ್ಟಿದರು. ಪಟ್ಟದ ಹೆಸರೇನು? ಸಂಪಾದಕಿ ಅಲ್ಲ! ‘ಸಂಪಾದಕೀಯ ಕಂಟೆಂಟಿನ ಮುಖ್ಯಸ್ಥೆ’. ಈ ಮುಖ್ಯಸ್ಥೆ ವರದಿ ಒಪ್ಪಿಸಬೇಕಾದದ್ದು ಯಾರಿಗೆ? ಅದೇ ಕಪ್ಪು ಕನ್ನಡಕದವಳಿಗೆ.

ನಮ್ಮ ಹಳ್ಳಿ ಮನೆಗಳಲ್ಲಿ ಇಂಥ ಅತ್ತೆಯರನ್ನು ನಾವು ನೋಡಿದ್ದೇವೆ. ‘ಇನ್ನು ಅಡುಗೆಮನೆ ನಿನ್ನದೇ ಕಣಮ್ಮ’ ಎಂದು ಸೊಸೆಯ ಕೈಗೆ ಸೌಟು ಕೊಡುತ್ತಾರೆ. ಉಗ್ರಾಣದ ಬೀಗದ ಕೈ ಮಾತ್ರ ಸೊಂಟ ಬಿಟ್ಟು ಕದಲುವುದಿಲ್ಲ. ಅಕ್ಕಿ ಎಷ್ಟು, ಬೇಳೆ ಎಷ್ಟು, ಇವತ್ತು ಹಬ್ಬವೋ ಏಕಾದಶಿಯೋ, ಎಲ್ಲವೂ ಅತ್ತೆಯ ಮಾತು. ಸಾರು ಕೆಟ್ಟರೆ ಮಾತ್ರ ಅದು ಸೊಸೆಯ ಕೈಗುಣ!

ಹಾಗಾದರೆ ಹಿಂದೆ ಈ ಕುರ್ಚಿ ಕೈ ಬದಲಾಯಿಸಿದ್ದು ಹೇಗೆ? ಆ ಕಥೆಯೇನೂ ಚೆಂದವಲ್ಲ. 1971ರಲ್ಲಿ ಡಯಾನಾ ವ್ರೀಲ್ಯಾಂಡ್ ಎಂಬ ಮಹಾ ವರ್ಣಮಯ ಸಂಪಾದಕಿಯನ್ನು ಧಣಿಗಳು ಹೊರಗೆ ದಬ್ಬಿದರು. ಆಕೆಯ ಕೋಣೆಯ ಗೋಡೆಗಳು ಕೆಂಪಗೆ ಉರಿಯುತ್ತಿದ್ದವು. ಅಲ್ಲಿಗೆ ಬಂದ ಗ್ರೇಸ್ ಮಿರಾಬೆಲಾ ಆ ಗೋಡೆಗೆ ತಣ್ಣನೆಯ ಮಾಸಲು ಬಣ್ಣ ಬಳಿಸಿದಳು. ಕೆಲಸಕ್ಕೆ ಹೋಗುವ ಹೆಂಗಸು ತೊಡುವ ಬಟ್ಟೆಯನ್ನು ಪುಟಕ್ಕೆ ತಂದಳು. 17 ವರ್ಷದಲ್ಲಿ 4 ಲಕ್ಷದ ಪ್ರಸಾರ 12 ಲಕ್ಷವಾಯಿತು. ಅದಕ್ಕೆ ಸಿಕ್ಕ ಬಹುಮಾನವೇನು ಗೊತ್ತೇ? 1988ರಲ್ಲಿ ತನ್ನ ಕೆಲಸ ಹೋದ ಸುದ್ದಿ ಆಕೆಯ ಮನೆ ಮುಟ್ಟಿದ್ದು ಟಿ.ವಿ.ಯ ಗಾಸಿಪ್ ಕಾರ್ಯಕ್ರಮದಿಂದ! ಧಣಿ ಸೈ ನ್ಯೂಹೌಸ್‌ಗೆ ಕರೆದು ಹೇಳುವ ಸೌಜನ್ಯವೂ ಇರಲಿಲ್ಲ. ಆ ಕುರ್ಚಿಗೆ ಬಂದವಳೇ ಈ ವಿಂಟರ್. ಆಗ ಆಕೆಗೆ 38.

ಅದು ಕಟುಕರ ಪದ್ಧತಿ. ಅದನ್ನು ಹೊಗಳಲು ನಾನು ಇಲ್ಲಿ ಕೂತಿಲ್ಲ. ಆದರೆ ಒಂದು ಸಂಗತಿ ಗಮನಿಸಿ. ಕುರ್ಚಿಯನ್ನು ಕಿತ್ತುಕೊಂಡರು, ನಿಜ, ಕೊಡುವಾಗ ಇಡಿಯಾಗಿ ಕೊಟ್ಟರು. 1988ರ ನವೆಂಬರ್ ಸಂಚಿಕೆ ವಿಂಟರ್‌ಳ ಮೊದಲ ಮುಖಪುಟ. ಇಸ್ರೇಲಿನ ಹುಡುಗಿಯೊಬ್ಬಳು ಮಣಿ ಪೋಣಿಸಿದ ದುಬಾರಿ ಲಕ್ರುವಾ ಜಾಕೆಟ್ ತೊಟ್ಟು, ಕೆಳಗೆ ಸಾಧಾರಣ ಜೀನ್ಸ್ ಪ್ಯಾಂಟ್ ಹಾಕಿ, ಬೀದಿಯಲ್ಲಿ ನಗುತ್ತಾ ನಡೆಯುತ್ತಿದ್ದಳು. ಹೊಟ್ಟೆ ಇಷ್ಟು ಕಾಣುತ್ತಿತ್ತು. ಇದೇನು ತಪ್ಪಾಗಿ ಬಂದಿದೆಯೇ ಎಂದು ಅಚ್ಚಿನವರು ಫೋನು ಮಾಡಿ ಕೇಳಿದರಂತೆ! ಅಲ್ಲಿಯವರೆಗಿನ ಮುಖಪುಟಗಳಲ್ಲಿ ಇದ್ದದ್ದು ಹತ್ತಿರದಿಂದ ತೆಗೆದ ಮುಖ, ಮೇಕಪ್ಪು, ಓಲೆ. ಒಂದೇ ಸಂಚಿಕೆಯಲ್ಲಿ ಅದೆಲ್ಲ ಹಳತಾಯಿತು. ಯಾರ ಅಪ್ಪಣೆಗೂ ಕಾಯಬೇಕಿರದ ಕುರ್ಚಿಯಿಂದ ಮಾತ್ರ ಇಂಥ ಕೆಲಸ ಸಾಧ್ಯ. ಮಿರಾಬೆಲಾ ಪಕ್ಕದ ಕೋಣೆಯಲ್ಲೇ ಕೂತು ‘ನನಗೆ ತೋರಿಸಿ ಅಚ್ಚಿಗೆ ಕಳಿಸು’ ಎಂದಿದ್ದರೆ ಆ ಜೀನ್ಸ್ ಅಂಗಡಿಯಲ್ಲೇ ಉಳಿಯುತ್ತಿತ್ತು. ತನಗೆ ಹೀಗೆ ಇಡಿಯಾಗಿ ಸಿಕ್ಕಿದ್ದನ್ನು ವಿಂಟರ್ ಮುಂದಿನವಳಿಗೆ ಇಡಿಯಾಗಿ ಕೊಡಲಿಲ್ಲ. ನನ್ನ ತಕರಾರು ಇಷ್ಟೇ.

ಹೊಸಬಳ ಮೇಲೆ ನನಗೆ ಸಿಟ್ಟಿಲ್ಲ. ‘ಅಪ್ಪ ಅಮ್ಮನ ಹೆಸರಿನಲ್ಲಿ ಬಂದವಳು’ ಎಂದು ಅನೇಕರು ಆಡಿಕೊಂಡರು. ಅಮ್ಮ ನಟಿ ಕ್ಯಾಂಡಿಸ್ ಬರ್ಗೆನ್. ತಮಾಷೆ ನೋಡಿ, ‘ಸೆಕ್ಸ್ ಅಂಡ್ ದ ಸಿಟಿ’ ಧಾರಾವಾಹಿಯಲ್ಲಿ ವೋಗ್‌ನ ಸಂಪಾದಕಿಯ ಪಾತ್ರ ಮಾಡಿದ್ದು ಇದೇ ಅಮ್ಮ! ಅಪ್ಪ ಫ್ರೆಂಚ್ ನಿರ್ದೇಶಕ ಲೂಯಿ ಮಾಲ್. ಈ ಹೆಸರು ನಮ್ಮ ದಿಲ್ಲಿ ಸರ್ಕಾರಕ್ಕೆ ಚೆನ್ನಾಗಿ ಗೊತ್ತು. ಆತ ಭಾರತದ ಬಗ್ಗೆ ತೆಗೆದ ಸಾಕ್ಷ್ಯಚಿತ್ರ ಮಾಲಿಕೆಯನ್ನು ಬಿ.ಬಿ.ಸಿ. ತೋರಿಸಿತು ಅಂತ ಸಿಟ್ಟಾಗಿ, 1970ರಲ್ಲಿ ಬಿ.ಬಿ.ಸಿ.ಯ ದಿಲ್ಲಿ ಕಚೇರಿಗೇ ಬಾಗಿಲು ಹಾಕಿಸಿದ್ದರು. ಅದಿರಲಿ. ಕ್ಲೋಯಿ 2011ರಿಂದ ಇದೇ ಪತ್ರಿಕೆಯಲ್ಲಿ ದುಡಿದವಳು. ಆಕೆಗೆ ಅರ್ಹತೆ ಇದೆಯೋ ಇಲ್ಲವೋ ಎಂದು ನಾವು ಇಲ್ಲಿ ಗಂಟಲು ಹರಿದುಕೊಳ್ಳುವುದರಲ್ಲಿ ಅರ್ಥವಿಲ್ಲ. ಕಾಲು ಕತ್ತರಿಸಿದ ಕುರ್ಚಿಯ ಮೇಲೆ ಯಾರು ಕೂತರೂ ನೆಲಕ್ಕೇ ಕೂತ ಹಾಗೆ.

ಈ ಕತ್ತರಿ ಮೊದಲು ಬಿದ್ದದ್ದು ಎಲ್ಲಿ? ಭಾಷೆಯ ಮೇಲೆ! ನಮ್ಮ ಹುಡುಗರು ಇದನ್ನು ಸರಿಯಾಗಿ ತಿಳಿಯಬೇಕು.

ಪ್ಯಾರಿಸ್ಸಿಗೆ ಒಂದು ವೋಗ್ ಇತ್ತು, ಫ್ರೆಂಚಿನಲ್ಲಿ. ಇಟಲಿಗೆ ಒಂದು, ಇಟಾಲಿಯನ್ನಿನಲ್ಲಿ. ಜರ್ಮನಿಗೆ, ಸ್ಪೇನಿಗೆ ಬೇರೆ. ಹೆಸರು ಒಂದೇ ಆದರೂ ಒಂದೊಂದಕ್ಕೂ ಒಂದೊಂದು ಹಟ, ಒಂದೊಂದು ಹುಚ್ಚು. ಇಟಲಿಯಲ್ಲಿ ಫ್ರಾಂಕಾ ಸೊಜ್ಜಾನಿ ಎಂಬಾಕೆ 1988ರಿಂದ 2016ರಲ್ಲಿ ಸಾಯುವವರೆಗೆ ಕುರ್ಚಿಯಲ್ಲಿದ್ದಳು. ಫ್ಯಾಷನ್ ಲೋಕ ಕಪ್ಪು ಹುಡುಗಿಯರನ್ನು ಮೂಲೆಗೆ ತಳ್ಳಿದೆ ಎಂಬ ಸಿಟ್ಟಿಗೆ 2008ರ ಜುಲೈ ಸಂಚಿಕೆಯಲ್ಲಿ ಬರೀ ಕಪ್ಪು ರೂಪದರ್ಶಿಯರನ್ನೇ ತುಂಬಿದಳು. ‘ಕಪ್ಪು ಮುಖ ಇದ್ದರೆ ಮಾರಾಟವಾಗುವುದಿಲ್ಲ’ ಎನ್ನುತ್ತಿದ್ದ ವ್ಯಾಪಾರಿಗಳ ಮೂತಿಗೆ ತಿವಿದ ಹಾಗೆ ಸಂಚಿಕೆ ಖಾಲಿಯಾಗಿ, ಮತ್ತೆ ಅಚ್ಚು ಹಾಕಬೇಕಾಯಿತು! ನ್ಯೂಯಾರ್ಕಿನ ದೊಡ್ಡ ವೋಗ್‌ನ ಕಥೆ? ಅದರ ಮುಖಪುಟದ ಫೋಟೋವನ್ನು ಕಪ್ಪು ಛಾಯಾಗ್ರಾಹಕನೊಬ್ಬ ಮೊದಲ ಸಲ ತೆಗೆದದ್ದು 2018ರಲ್ಲಿ. ಪತ್ರಿಕೆ ಹುಟ್ಟಿದ್ದು 1892ರಲ್ಲಿ. ಲೆಕ್ಕ ನೀವೇ ಹಾಕಿ. ಕಪ್ಪು ಸಂಪಾದಕರು, ಬರಹಗಾರರು, ಛಾಯಾಗ್ರಾಹಕರನ್ನು ಸಾಕಷ್ಟು ಮುಂದೆ ತರಲಿಲ್ಲ ಎಂದು 2020ರ ಜೂನ್‌ನಲ್ಲಿ ವಿಂಟರ್ ತಾನೇ ಸಿಬ್ಬಂದಿಗೆ ಕಾಗದ ಬರೆದಳು. ಶಿಕ್ಷೆ ಏನಾಯಿತು? ಅದೇ ವರ್ಷ ಡಿಸೆಂಬರ್‌ನಲ್ಲಿ ಬಡ್ತಿ! ಜಗತ್ತಿನ ವೋಗ್‌ಗಳೆಲ್ಲ ಆಕೆಯ ಕೈಕೆಳಗೆ ಬಂದವು.

ಮುಂದಿನ ಕಥೆ ಬೇಗ ಮುಗಿಯುತ್ತದೆ. ಜರ್ಮನಿಯ ಕ್ರಿಸ್ಟಿಯಾನೆ ಆರ್ಪ್ ಹೋದಳು. ಪ್ಯಾರಿಸ್ಸಿನ ಎಮಾನುಯೆಲ್ ಆಲ್ಟ್ ಹೋದಳು. ಇಟಲಿಯ ಎಮಾನುವೆಲೆ ಫಾರ್ನೆಟಿ ಹೋದ. ಎಲ್ಲ 2020-21ರ ಒಂದೇ ಬೀಸಿಗೆ. ಅವರ ಜಾಗಕ್ಕೆ ಬಂದವರು ‘ಕಂಟೆಂಟಿನ ಮುಖ್ಯಸ್ಥರು’. ‘ವೋಗ್ ಪ್ಯಾರಿಸ್’ ಎಂಬ ಹಳೆಯ ಹೆಸರೂ ಹೋಗಿ ‘ವೋಗ್ ಫ್ರಾನ್ಸ್’ ಆಯಿತು. ಒಂದು ಕಡೆ ಫೋಟೋ ತೆಗೆಸಿ, ಒಂದು ಕಡೆ ಬರೆಸಿ, ಉಳಿದ ಭಾಷೆಗಳಿಗೆ ಅನುವಾದ ಮಾಡಿ ಹಂಚುವುದು. ಬೇರೆಲ್ಲೋ ಬೇಯಿಸಿದ್ದನ್ನು ಇಲ್ಲಿಗೆ ತಂದು ಬಿಸಿ ಮಾಡಿ ಬಡಿಸುವ ಈ ಹೋಟೆಲು ಕನ್ನಡಿಗನಿಗೆ ಹೊಸದೇ? ಅನುವಾದಿಸಿದ ಜಾಹೀರಾತಿನ ತೊದಲು ಕನ್ನಡ ಓದಿ ಓದಿ ನಮ್ಮ ಕಣ್ಣು ಸವೆದಿಲ್ಲವೇ? ಭಾಷೆ ಉಳಿಯಿತು, ಆ ಭಾಷೆಯಲ್ಲಿ ತೀರ್ಮಾನ ಮಾಡುವವರು ಹೋದರು.

‘ಅಯ್ಯಾ, ಅಚ್ಚಿನ ಪತ್ರಿಕೆಗೆ ಕಾಸು ಹುಟ್ಟುತ್ತಿಲ್ಲ, ಖರ್ಚು ಉಳಿಸದೆ ಏನು ಮಾಡಲಿ’ ಎಂದು ಕಂಪನಿಯ ಪರ ವಾದಿಸುವವರಿದ್ದಾರೆ. ಕಾಸಿನ ಕಷ್ಟ ಸುಳ್ಳಲ್ಲ. ಆದರೆ ಖರ್ಚು ಉಳಿಸುವ ಕತ್ತರಿ ಯಾವಾಗಲೂ ತೀರ್ಮಾನ ಮಾಡುವ ಕುರ್ಚಿಗಳನ್ನೇ ಹುಡುಕಿಕೊಂಡು ಹೋಗುವುದು ಯಾಕೆ, ಅದೂ ತುದಿಯ ಒಂದನ್ನು ಬಿಟ್ಟು? ಹೊಸ ಮುಖ್ಯಸ್ಥೆ ಬಂದು ಎರಡು ತಿಂಗಳಾಗಿತ್ತು. 2025ರ ನವೆಂಬರ್‌ನಲ್ಲಿ ‘ಟೀನ್ ವೋಗ್’ ಅನ್ನು ವೋಗ್‌ನ ಹೊಟ್ಟೆಗೆ ಸೇರಿಸಿದರು. ಹದಿಹರೆಯದವರಿಗೆ ರಾಜಕೀಯ, ಕಾರ್ಮಿಕರ ಹಕ್ಕು ಅಂತೆಲ್ಲ ಧೈರ್ಯವಾಗಿ ಬರೆಯುತ್ತಿದ್ದ ಪತ್ರಿಕೆ ಅದು. ಅದರ ಸಂಪಾದಕಿ ವರ್ಷಾ ಶರ್ಮಾ ಹೊರಗೆ, ಸಿಬ್ಬಂದಿಯಲ್ಲಿ ಹಲವರು ಹೊರಗೆ. ಸ್ವಂತ ಬುದ್ಧಿಯಿದ್ದ ಇನ್ನೊಂದು ಕುರ್ಚಿ ಸೌದೆಯಾಯಿತು.

ಈಗ ನಮ್ಮ ಕಡೆ ಬನ್ನಿ. ವೋಗ್ ಭಾರತಕ್ಕೆ ಬಂದದ್ದು 2007ರ ಅಕ್ಟೋಬರ್‌ನಲ್ಲಿ. ಮೊದಲ ಮುಖಪುಟದ ನಡುವೆ ಯಾರು? ಆಸ್ಟ್ರೇಲಿಯಾದ ಬಿಳಿ ಹುಡುಗಿ ಜೆಮ್ಮಾ ವಾರ್ಡ್. ಆಚೀಚೆಗೆ ಬಿಪಾಶಾ ಬಸು, ಪ್ರಿಯಾಂಕಾ ಚೋಪ್ರಾ! ಮರುವರ್ಷ ಆಗಸ್ಟಿನಲ್ಲಿ ಬಡವರ ಕೈಗೆ ಬರ್ಬೆರಿ ಛತ್ರಿ ಕೊಟ್ಟು, ಅವರ ಮಗುವಿನ ಕುತ್ತಿಗೆಗೆ ಫೆಂಡಿ ಬಿಬ್ ಕಟ್ಟಿ ಫೋಟೋ ತೆಗೆದರು. ಚಿತ್ರದ ಕೆಳಗೆ ಛತ್ರಿ ಮಾಡಿದವರ ಹೆಸರಿತ್ತು. ಹಿಡಿದವನ ಹೆಸರಿರಲಿಲ್ಲ. ಆದರೂ ಆಗ ಇಲ್ಲಿ ಸಂಪಾದಕಿ ಅಂತ ಒಬ್ಬಳಿದ್ದಳು. ಪ್ರಿಯಾ ತನ್ನಾ. ತಪ್ಪಾದರೆ ‘ಏನಮ್ಮಾ ಇದು’ ಅಂತ ಕೇಳಲು ಒಂದು ಬಾಗಿಲಿತ್ತು. 2021ರಲ್ಲಿ ಆಕೆ ಹೋದಮೇಲೆ ಇಲ್ಲಿಗೂ ಬಂದದ್ದು ಅದೇ ‘ಕಂಟೆಂಟಿನ ಮುಖ್ಯಸ್ಥೆ’ ಎಂಬ ಹಲಗೆ.

ಭಾರತದ ಈ ಅಚ್ಚಿನ ಪತ್ರಿಕೆ ಬರುವುದು ಇಂಗ್ಲಿಷಿನಲ್ಲಷ್ಟೇ. ಕೇಳಿದರೆ ‘ಕನ್ನಡದಲ್ಲಿ ಇದನ್ನು ಓದುವವರು ಯಾರು’ ಎನ್ನುತ್ತಾರೆ. ಪೋಲೆಂಡಿನ ಒಟ್ಟು ಜನ ನಾಲ್ಕು ಕೋಟಿಯೂ ಇಲ್ಲ, 2018ರಿಂದ ಅವರಿಗೆ ಪೋಲಿಷ್ ವೋಗ್ ಇದೆ. ಗ್ರೀಸಿನ ಜನ ಒಂದು ಕೋಟಿಯ ಆಸುಪಾಸು, 2019ರಿಂದ ಅವರಿಗೆ ಗ್ರೀಕ್ ವೋಗ್. ಕನ್ನಡ ತಾಯ್ನುಡಿಯೆಂದು 2011ರ ಜನಗಣತಿಯಲ್ಲಿ ಬರೆಸಿದವರು 4 ಕೋಟಿ 37 ಲಕ್ಷ! ಹೆಂಗಸರಿಗಾಗಿ ಹೆಂಗಸೇ ಸಂಪಾದಿಸಿದ ಕನ್ನಡ ಪತ್ರಿಕೆ ನಮಗೇನು ಹೊಸದಲ್ಲ. ನಂಜನಗೂಡು ತಿರುಮಲಾಂಬಾ ‘ಕರ್ನಾಟಕ ನಂದಿನಿ’ ನಡೆಸಿ ನೂರು ವರ್ಷ ದಾಟಿತು. ಬಾಲವಿಧವೆ ಆಕೆ. ಯಾವ ನ್ಯೂಯಾರ್ಕಿಗೂ ಪುಟ ತೋರಿಸಿ ಅಪ್ಪಣೆ ಕೇಳಲಿಲ್ಲ.

ವೋಗ್ ಕನ್ನಡದಲ್ಲಿ ಬಂದರೆ ನಾಡು ಉದ್ಧಾರವಾಗುತ್ತದೆ ಎಂದು ನಾನು ನಂಬಿಲ್ಲ. 75,000 ಡಾಲರ್ ಊಟದ ಪತ್ರಿಕೆ ಅದು. ಆದರೆ ಬೆಂಗಳೂರಿನಲ್ಲಿ ಫ್ಯಾಷನ್ ಓದುವ ಹುಡುಗಿಯೊಬ್ಬಳು ಇಳಕಲ್ ಸೀರೆಯ ಸೆರಗಿನ ಬಗ್ಗೆ ತನ್ನ ನುಡಿಯಲ್ಲಿ ಬರೆಯಬೇಕೆಂದರೆ ಬಾಗಿಲು ಯಾವುದು? ಗ್ರೀಸಿನಲ್ಲಿ, ಪೋಲೆಂಡಿನಲ್ಲಿ ಈ ಪತ್ರಿಕೆಯನ್ನು ಲೈಸೆನ್ಸ್ ಪಡೆದು ಅಲ್ಲಿನವರೇ ನಡೆಸುತ್ತಾರೆ. ಆದ್ದರಿಂದಲೇ ಯುರೋಪಿನ ಆ ಬೀಸಿಗೆ ಸಿಗದೆ ಅಲ್ಲಿನ ಸಂಪಾದಕರು ಸಂಪಾದಕರಾಗಿಯೇ ಉಳಿದರು. ಗ್ರೀಸಿನಲ್ಲಿ ಅದನ್ನು ತಂದದ್ದು ‘ಕಥಿಮೆರಿನಿ’ ಎಂಬ ದಿನಪತ್ರಿಕೆಯ ಮನೆ. ನಮ್ಮಲ್ಲೂ ದೊಡ್ಡ ದೊಡ್ಡ ದಿನಪತ್ರಿಕೆಯ ಮನೆಗಳಿವೆ, ದೊಡ್ಡ ದೊಡ್ಡ ಅಚ್ಚಿನ ಯಂತ್ರಗಳಿವೆ. ಆ ಮನೆಗಳ ಯಜಮಾನರೇ, ಕನ್ನಡದಲ್ಲಿ ಉಡುಗೆ ತೊಡುಗೆಗೆಂದೇ ಒಂದು ಒಳ್ಳೆಯ ಪತ್ರಿಕೆ ತಂದು, ಬೀಗದ ಕೈ ಸಮೇತ ಒಬ್ಬ ಸಂಪಾದಕಿಯ ಕೈಗೆ ಕೊಡಲು ನಿಮಗೆ ಇನ್ನೂ ಎಷ್ಟು ವರ್ಷ ಬೇಕು?