ಕೆಮ್ಮುವ ಬೈಕು ಮತ್ತು ಗಾಳಿ–ಪೆಟ್ರೋಲಿನ ಹದ

ಮನೆಯ ಮುಂದೆ ಹಳೆಯ ಆರ್‌ಎಕ್ಸ್ 100 ಬೈಕೊಂದು ನಿಂತಿದೆ ಎಂದುಕೊಳ್ಳಿ. ಕಾಲೇಜಿಗೆ ಹೋಗುವ ಮಗ ಅದರ ಏರ್ ಫಿಲ್ಟರ್ ಡಬ್ಬಿಯನ್ನು ಕಿತ್ತು ಶಂಕುವಿನಾಕಾರದ ಬಯಲು ಫಿಲ್ಟರ್ ಹಾಕಿಸಿದ್ದಾನೆ, ಸೈಲೆನ್ಸರನ್ನೂ ಬದಲಾಯಿಸಿದ್ದಾನೆ. ಸದ್ದೇನೋ ಜೋರಾಯಿತು. ಆದರೆ ಆಕ್ಸಿಲರೇಟರ್ ತಿರುವಿದೊಡನೆ ಬೈಕು ಕೆಮ್ಮುತ್ತದೆ. ಏರು ಬಂದರೆ ಎಳೆಯುವುದೇ ಇಲ್ಲ. 'ಟ್ಯೂನಿಂಗ್ ಮಾಡಿಸಿದರೆ ಸರಿಹೋಗುತ್ತಪ್ಪಾ' ಎನ್ನುತ್ತಾನೆ ಮಗ. 'ಸರಿಯಾಗಿದ್ದುದನ್ನು ಕೆಡಿಸಿದ್ದು ಯಾಕೋ?' ಎನ್ನುತ್ತಾರೆ ತಂದೆ. ಇಬ್ಬರ ಮಾತಿನಲ್ಲೂ ನಿಜವಿದೆ.

ಒಂದು ಗ್ರಾಂ ಪೆಟ್ರೋಲ್ ಪೂರ್ತಿಯಾಗಿ ಉರಿಯಲು ಸುಮಾರು 14.7 ಗ್ರಾಂ ಗಾಳಿ ಬೇಕು. ಈ ಹದವನ್ನು ಕಾಯುವುದು ಕಾರ್ಬುರೇಟರಿನ ಕೆಲಸ. ಅದರ ನಡುವಿನ ಕಿರಿದಾದ ಕೊರಳಿನಲ್ಲಿ ಗಾಳಿ ವೇಗವಾಗಿ ನುಗ್ಗುವಾಗ ಅಲ್ಲಿ ಒತ್ತಡ ಕುಸಿಯುತ್ತದೆ. ಪಾಠದಲ್ಲಿ ಓದುವ ಬರ್ನೂಲಿ ತತ್ತ್ವ ಇದೇ. ಒತ್ತಡ ಕುಸಿದಾಗ ಕೆಳಗಿನ ಬಟ್ಟಲಿನ ಪೆಟ್ರೋಲ್ 'ಜೆಟ್' ಎಂಬ ಸಣ್ಣ ರಂಧ್ರದ ಮೂಲಕ ಮೇಲೇರಿ ಗಾಳಿಯೊಡನೆ ಬೆರೆಯುತ್ತದೆ. ಫಿಲ್ಟರ್ ಡಬ್ಬಿ ಒಡ್ಡುವ ಅಡ್ಡಿಯನ್ನೂ ಲೆಕ್ಕಕ್ಕೆ ತೆಗೆದುಕೊಂಡೇ ಕಾರ್ಖಾನೆಯವರು ಈ ರಂಧ್ರದ ಅಳತೆಯನ್ನು ಗೊತ್ತುಮಾಡಿರುತ್ತಾರೆ. ಡಬ್ಬಿ ಕಿತ್ತಾಗ ಗಾಳಿ ಸಲೀಸಾಗಿ ಬರುತ್ತದೆ. ಹಳೆಯ ಜೆಟ್ ಅದಕ್ಕೆ ತಕ್ಕಷ್ಟು ಪೆಟ್ರೋಲ್ ಕೊಡಲಾರದು. ಮೆಕ್ಯಾನಿಕ್‌ಗಳು ಇದನ್ನು 'ಲೀನ್' ಎನ್ನುತ್ತಾರೆ. ಪೆಟ್ರೋಲ್ ಹೆಚ್ಚಾದರೆ ಅದು 'ರಿಚ್'.

ಲೀನ್ ಆದರೆ ಪೆಟ್ರೋಲ್ ಉಳಿಯಿತಲ್ಲ ಎಂದು ಸಂತೋಷಪಡುವಂತಿಲ್ಲ. ಇಂಜಿನ್ ಮಿತಿಮೀರಿ ಕಾಯುತ್ತದೆ. ಪಿಸ್ಟನ್ ಅಲ್ಯೂಮಿನಿಯಂನದು, ಬಿಸಿಗೆ ಅದು ಎರಕದ ಕಬ್ಬಿಣಕ್ಕಿಂತ ಸುಮಾರು ಎರಡರಷ್ಟು ಹಿಗ್ಗುತ್ತದೆ. ಕಬ್ಬಿಣದ ಸಿಲಿಂಡರಿನೊಳಗೆ ಹಾಗೆ ಹಿಗ್ಗಿದ ಪಿಸ್ಟನ್ ಕಚ್ಚಿಕೊಂಡರೆ ಇಂಜಿನ್ 'ಸೀಜ್' ಆಗುತ್ತದೆ. ವೇಗದಲ್ಲಿರುವಾಗ ಹೀಗಾದರೆ ಹಿಂದಿನ ಚಕ್ರ ತಟ್ಟನೆ ನಿಂತು ಸವಾರ ರಸ್ತೆಗೆ ಬೀಳಬಹುದು. ಆದ್ದರಿಂದ ಬೈಕಿನ ಕೆಮ್ಮನ್ನು ಅಲಕ್ಷಿಸಬಾರದು.

ಹಾಗಾದರೆ ದೋಷವನ್ನು ಹುಡುಕುವುದು ಹೇಗೆ? ಮೊದಲು ಜೆಟ್ಟಿಗೆ ಕೈ ಹಾಕಬೇಡಿ. ಪೆಟ್ರೋಲ್ ಕಾಕ್‌ನಲ್ಲಿ ಕಸವಿದೆಯೇ, ಕಾರ್ಬುರೇಟರ್ ಮತ್ತು ಇಂಜಿನ್ ನಡುವಿನ ರಬ್ಬರ್ ಬಿರುಕು ಬಿಟ್ಟಿದೆಯೇ ಎಂದು ನೋಡಿ. ಬಿರುಕಿನಿಂದ ಕಳ್ಳದಾರಿಯಲ್ಲಿ ಗಾಳಿ ನುಗ್ಗುತ್ತಿದ್ದರೆ ಯಾವ ಜೆಟ್ಟೂ ಅದನ್ನು ಸರಿಪಡಿಸಲಾರದು.

ಅನಂತರ ಕೆಮ್ಮು ಎಲ್ಲಿ ಬರುತ್ತದೆ ಎಂದು ಗುರುತಿಸಿ. ಆಕ್ಸಿಲರೇಟರ್ ಹಿಡಿಗೆ ಅಂಟುಪಟ್ಟಿ ಸುತ್ತಿ ಕಾಲು, ಅರ್ಧ, ಮುಕ್ಕಾಲು ಎಂದು ಗುರುತು ಹಾಕಿದರೆ ಸಾಕು. ಐಡ್ಲಿಂಗ್‌ನಲ್ಲಿ ಮತ್ತು ಹಿಡಿಯನ್ನು ತುಸುವೇ ತಿರುವಿದಾಗ ಪೆಟ್ರೋಲ್ ಬರುವುದು ಪೈಲಟ್ ಜೆಟ್ಟಿನಿಂದ. ಕಾಲಿನಿಂದ ಮುಕ್ಕಾಲಿನವರೆಗೆ ಜೆಟ್ ಸೂಜಿಯದೇ ಆಡಳಿತ. ಅದರ ಕ್ಲಿಪ್ಪನ್ನು ಒಂದು ಗೀರು ಕೆಳಗಿಳಿಸಿದರೆ ಸೂಜಿ ಮೇಲೇರಿ ಪೆಟ್ರೋಲ್ ಹೆಚ್ಚುತ್ತದೆ. ಮುಕ್ಕಾಲಿನಿಂದಾಚೆಗೆ ಮುಖ್ಯ ಜೆಟ್ಟಿನ ಸರದಿ. ಚೋಕ್ ತುಸು ಎಳೆದಾಗ ಕೆಮ್ಮು ನಿಂತರೆ ಮಿಶ್ರಣ ಲೀನ್ ಎಂದೂ, ಇನ್ನಷ್ಟು ಕೆಟ್ಟರೆ ರಿಚ್ ಎಂದೂ ಊಹಿಸಬಹುದು.

ಇನ್ನೊಂದು ಸಾಕ್ಷಿ ಪ್ಲಗ್. ಇಂಜಿನ್ ತಣಿದ ಮೇಲೆ ಅದನ್ನು ಬಿಚ್ಚಿ ನೋಡಿ. ತುದಿಯ ಪಿಂಗಾಣಿ ತಿಳಿಕಂದು ಬಣ್ಣದ್ದಾಗಿದ್ದರೆ ಹದ ಸರಿ. ಸುಣ್ಣದಂತೆ ಬೆಳ್ಳಗಿದ್ದರೆ ಲೀನ್. ಒಣ ಮಸಿ ಕಟ್ಟಿದ್ದರೆ ರಿಚ್. ಟೂ ಸ್ಟ್ರೋಕ್ ಬೈಕಿನಲ್ಲಿ ಜಿಡ್ಡು ಕಪ್ಪಿಗೆ ಎಣ್ಣೆಯೂ ಕಾರಣವಾಗಬಹುದು. ಆದ್ದರಿಂದ ಒಂದೇ ಸಾಕ್ಷಿಯನ್ನು ನಂಬಿ ತೀರ್ಪು ಕೊಡಬಾರದು.

ಜೆಟ್ ರಂಧ್ರವನ್ನು ತಂತಿಯಿಂದ ಕೆದಕಿ ಹಿಗ್ಗಿಸುವ ಅಭ್ಯಾಸ ಕೆಲವರಿಗಿದೆ. ಲೆಕ್ಕ ಮಾಡಿ ನೋಡಿ: ರಂಧ್ರದ ವ್ಯಾಸ ಶೇ 10 ಹೆಚ್ಚಿದರೆ ವಿಸ್ತೀರ್ಣ ಶೇ 21 ಹೆಚ್ಚುತ್ತದೆ! ಅದರ ಬದಲು ಒಂದೊಂದೇ ಸಂಖ್ಯೆ ದೊಡ್ಡದಾದ ಹೊಸ ಜೆಟ್ ಹಾಕಿ ನೋಡುವುದೇ ಸರಿ. ಒಂದು ಸಲಕ್ಕೆ ಒಂದೇ ಬದಲಾವಣೆ. ಫಲವನ್ನು ನೋಟ್‌ಬುಕ್ಕಿನಲ್ಲಿ ಬರೆದ ಮೇಲೆಯೇ ಮುಂದಿನದು. ಜೆಟ್, ಸೂಜಿ, ತಿರುಪು ಮೂರನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತೆಂದು ಯಾರೂ ಹೇಳಲಾರರು. ಪ್ರಯೋಗಶಾಲೆಯ ನಿಯಮವೂ ಇದೇ ಅಲ್ಲವೇ?

ಇಂಧನವೂ ಬದಲಾಗಿದೆ. 2025ರಲ್ಲಿ ಪೆಟ್ರೋಲಿಗೆ ಶೇ 20 ಎಥನಾಲ್ ಬೆರೆಸುವ ಗುರಿಯನ್ನು ದೇಶ ಮುಟ್ಟಿತು. ಒಂದು ಗ್ರಾಂ ಎಥನಾಲ್ ಉರಿಯಲು ಸುಮಾರು 9 ಗ್ರಾಂ ಗಾಳಿ ಸಾಕು. ಹೀಗಾಗಿ ಹಳೆಯ ಜೆಟ್ಟಿಗೆ ಈ ಇಂಧನ ಹಾಕಿದರೆ ಮಿಶ್ರಣ ಮತ್ತಷ್ಟು ಲೀನ್ ಆಗುತ್ತದೆ. ಫ್ಯುಯೆಲ್ ಇಂಜೆಕ್ಷನ್ ಇರುವ ಹೊಸ ಬೈಕುಗಳಲ್ಲಿ ಆಮ್ಲಜನಕ ಸಂವೇದಕ ಹೊಗೆಯನ್ನು ಪರೀಕ್ಷಿಸಿ ಹದವನ್ನು ತಿದ್ದುತ್ತದೆ. ಕಾರ್ಬುರೇಟರಿಗೆ ಆ ಬುದ್ಧಿಯಿಲ್ಲ; ಅದನ್ನು ಸವಾರನೇ ಒದಗಿಸಬೇಕು.

ಎರಡು ಎಚ್ಚರಿಕೆಗಳು. ಮುಚ್ಚಿದ ಷೆಡ್ಡಿನಲ್ಲಿ ಇಂಜಿನ್ ಓಡಿಸಬಾರದು. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ, ಆದರೆ ಅದು ಪ್ರಾಣ ತೆಗೆಯಬಲ್ಲದು. ಇನ್ನು, ತಯಾರಕರು ನಿಗದಿಪಡಿಸಿದ ಮೂಲ ವಿವರಗಳಿಗೆ ಹೊಂದದಂತೆ ವಾಹನವನ್ನು ಮಾರ್ಪಡಿಸುವುದನ್ನು 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ನಿರ್ಬಂಧಿಸುತ್ತದೆ.

ಆದ್ದರಿಂದ ಮಗ ಮಾಡಬೇಕಾದ ಮೊದಲ ಪ್ರಯೋಗವೆಂದರೆ ಹಳೆಯ ಫಿಲ್ಟರ್ ಡಬ್ಬಿ ಮತ್ತು ಸೈಲೆನ್ಸರನ್ನು ಮತ್ತೆ ಜೋಡಿಸಿ ನೋಡುವುದು. ಕೆಮ್ಮು ನಿಂತರೆ ಕಾರಣ ಸಿಕ್ಕಿತು. ತಂದೆಯೂ ಬರಿದೇ ಗದರುವುದನ್ನು ಬಿಟ್ಟು ಪಕ್ಕದಲ್ಲಿ ಕುಳಿತು ಸ್ಪ್ಯಾನರ್ ಎತ್ತಿಕೊಟ್ಟರೆ, ಭೌತಶಾಸ್ತ್ರದ ಒಂದು ಅಧ್ಯಾಯ ಮನೆಯಂಗಳದಲ್ಲೇ ಮುಗಿದಂತೆ.